ಕಾಗದದಲ್ಲಿ ಎರಡು ವರ್ಷ ದೊಡ್ಡವನು

ವಿಲ್ಲಾ ಸೆರೆನಾ, ಬ್ರೆಜಿಲ್
18 ಅಕ್ಟೋಬರ್ 1955

ಏಳು ಸಮುದ್ರ ದಾಟಿದರೂ ಸಿಟ್ಟು ಇಳಿಸದ ನನ್ನ ಯಜಮಾನರಿಗೆ, ಸುಮಿನೊ ಮಾಡುವ ನಮಸ್ಕಾರಗಳು.

ಮಂಡಿನೋವು ಹೇಗಿದೆ? ಜಪಾನಿನ ನಮ್ಮ ಕುಮಾಮೊತೊದಲ್ಲಿ ಈಗ ಬೆಳಗಿನ ಚಳಿ ಶುರುವಾಗಿರುತ್ತದೆ. ಉಣ್ಣೆಯ ಪಟ್ಟಿಯನ್ನು ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೇನೆ, ಹಟ ಮಾಡದೆ ಕಟ್ಟಿಕೊಳ್ಳಿ. ಭಾವನವರಿಗೆ ಗಂಜಿಯಾದರೂ ಸೇರುತ್ತಿದೆಯೇ? ಅವರ ಹಾಸಿಗೆಯ ಪಕ್ಕ ಕೂತು ಬ್ರೆಜಿಲಿನ ಕಷ್ಟಗಳನ್ನೇ ಹೇಳಬೇಡಿ, ಪಪ್ಪಾಯಿಯ ವಿಷಯವನ್ನೂ ಹೇಳಿ. ನಾನು ಚೆನ್ನಾಗಿದ್ದೇನೆ. ರೇಷ್ಮೆಹುಳುಗಳು ಮೂರನೆಯ ಜ್ವರ ದಾಟಿ, ಪೊರೆ ಕಳಚಿ ಎದ್ದಿವೆ, ಸೊಪ್ಪು ಹಾಕಿ ಹಾಕಿ ಕೈ ಸೋತಿದೆ. ನಿಮ್ಮ ನಾಯಿ ಇನ್ನೂ ಸಂಜೆಯಾದರೆ ಗೇಟಿನ ಹತ್ತಿರ ಹೋಗಿ ಕೂರುತ್ತದೆ. ಅದಕ್ಕಿರುವ ನಾಚಿಕೆಗೇಡಿತನ ನನಗಿಲ್ಲದ್ದರಿಂದ ನಾನು ಒಳಗೇ ಇರುತ್ತೇನೆ.

ಇನ್ನು, ಕೇಳುವುದೇ ಬೇಡವೆಂದು ನೀವು ಹೇಳಿಹೋದ ಸುದ್ದಿ. ಮಿತ್ಸುವೊ ಗೆದ್ದ. ನಮ್ಮ ಮಗ ಪುರಸಭೆಯ ಸದಸ್ಯನಾದ. ಸಾಂತೋಸ್ ಬಂದರಿನಲ್ಲಿ ಹಡಗು ಹತ್ತುವ ಮುಂಚೆ ನೀವು ಹೇಳಿದ್ದನ್ನು ನಾನು ಮರೆತಿಲ್ಲ. "ಗೆದ್ದರೆ ಪೊಲೀಸರ ಕಣ್ಣಿಗೆ ಬೀಳ್ತಾನೆ, ಸೋತರೆ ಊರ ಬಾಯಿಗೆ ಬೀಳ್ತಾನೆ. ಎರಡನ್ನೂ ನೋಡೋಕೆ ನಾನು ವಾಪಸ್ ಬರಲ್ಲ ಕಣೇ" ಅಂದಿರಿ. ನಮ್ಮ ಭಾಷೆಗೆ ನಿಷೇಧವಿದ್ದ ಯುದ್ಧದ ಕಾಲದಲ್ಲಿ ರೈಲು ನಿಲ್ದಾಣದಲ್ಲಿ ನನ್ನ ಜೊತೆ ನಾಲ್ಕು ಮಾತು ಜಪಾನಿ ಭಾಷೆಯಲ್ಲಿ ಆಡಿದ್ದಕ್ಕೆ ಹನ್ನೊಂದು ದಿನ ಲಾಕಪ್ಪಿನಲ್ಲಿ ಇದ್ದು ಬಂದವರು ನೀವು. ಆ ನಾಲ್ಕು ಮಾತು ಏನು, ನೆನಪಿದೆಯೇ? ಉಪ್ಪು ತಗೊಂಡೆಯಾ ಅಂತ ಕೇಳಿದ್ದಿರಿ. ಆ ಹನ್ನೊಂದು ದಿನ ನಾನೂ ಉಂಡಿಲ್ಲ. ಆದ್ದರಿಂದ ಸರ್ಕಾರದ ಕಟ್ಟಡ ಕಂಡರೆ ನಿಮ್ಮ ಕಾಲು ಹಿಂದೆ ಸರಿಯುವುದನ್ನು ನಾನು ಹಾಸ್ಯ ಮಾಡುವುದಿಲ್ಲ. ಆದರೆ ಪ್ರತಿ ಮಳೆಗಾಲ ಹೊಳೆಯ ಸೇತುವೆ ಕೊಚ್ಚಿಹೋಗಿ, ನಮ್ಮ ಕಾಲೊನಿಯ ರೇಷ್ಮೆಗೂಡು ಲಾರಿಯಲ್ಲೇ ಕೊಳೆಯುವುದನ್ನು ಕೇಳಲು ಯಾರಾದರೂ ಒಳಗೆ ಹೋಗಬೇಕಲ್ಲ. ನಮಗೆ ವೋಟಿಲ್ಲ. ಇಲ್ಲಿ ಹುಟ್ಟಿದ ಮಕ್ಕಳಿಗಿದೆ.

ಎಣಿಕೆಯ ದಿನ ನ್ಯಾಯಾಲಯದ ಬೆಂಚಿನ ಮೇಲೆ ಬೆಳಗಿನಿಂದ ಕೂತಿದ್ದೆ. ನಮ್ಮವನ ಪಕ್ಷಕ್ಕೆ ಉಳಿದದ್ದು ಒಂದೇ ಸ್ಥಾನ, ಅದಕ್ಕೆ ಅದೇ ಪಕ್ಷದ ಇಬ್ಬರು, ನಮ್ಮವನು ಮತ್ತು ಬೇಕರಿಯ ಜೆನಾರೊ. ಕೊನೆಯ ಪೆಟ್ಟಿಗೆ ಸುರಿದು ಎಣಿಸಿದರೆ ಇಬ್ಬರಿಗೂ ನೂರ ನಲವತ್ತಮೂರು! ನಮ್ಮ ಸಂಘದವರು ಮನೆಮನೆಗೆ ಹೋಗಿ ತಲೆ ಎಣಿಸಿ, ನೂರ ನಲವತ್ತೈದು ಖಂಡಿತ ಎಂದಿದ್ದರು. ಆ ಎರಡು ಎಲ್ಲಿ ಹೋದವು? ಮಗನ ಮುಖ ನೋಡಿದೆ. ಕಿವಿಯವರೆಗೂ ಕೆಂಪಾಗಿತ್ತು. "ಅಮ್ಮಾ, ನನ್ನ ಹೆಸರಿಗೆ ನಾನೇ ವೋಟು ಹಾಕ್ಕೊಳ್ಳೋದಾ? ಅಸಹ್ಯ ಅಲ್ವಾ? ಜೆನಾರೊಗೆ ಹಾಕಿದೆ" ಅಂದ. ಸೊಸೆ ಯಾಯೆಕೊ ನೆಲ ನೋಡುತ್ತಾ, "ನಾನೂ ಅವರಿಗೇ ಹಾಕಿದೆ ಅತ್ತೆ. ಗಂಡನ್ನ ಹೆಂಡ್ತೀನೇ ಹೊಗಳಿದ ಹಾಗಾಗುತ್ತೆ ಅಂತ" ಅಂದಳು. ಗಂಡಹೆಂಡಿರಿಬ್ಬರೂ ಸೇರಿ ತಮ್ಮ ಕಾಲ ಮೇಲೆ ತಾವೇ ಕಲ್ಲು ಎತ್ತಿಹಾಕಿಕೊಂಡಿದ್ದರು! ಬೈಯೋಣವೆಂದರೆ, ಔತಣದಲ್ಲಿ ಕೊನೆಯ ತುಂಡು ಮೀನನ್ನು ಮುಟ್ಟಬೇಡ, ನಿನ್ನ ಗುಣವನ್ನು ನೀನೇ ಹೇಳಿಕೊಳ್ಳಬೇಡ ಎಂದು ಕಲಿಸಿದವಳು ನಾನೇ.

ನ್ಯಾಯಾಧೀಶರು ಕಾನೂನಿನ ಪುಸ್ತಕ ತಿರುವಿದರು. ಮತ ಸಮನಾದರೆ ವಯಸ್ಸಿನಲ್ಲಿ ಹಿರಿಯನಿಗೆ ಸ್ಥಾನವಂತೆ. ಜೆನಾರೊ ಹುಟ್ಟಿದ್ದು ಇಪ್ಪತ್ತನಾಲ್ಕರ ಜೂನಿನಲ್ಲಿ, ನಮ್ಮವನು ಇಪ್ಪತ್ತೈದರ ಡಿಸೆಂಬರಿನಲ್ಲಿ. ಮುಗಿಯಿತು, ಮನೆಗೆ ಹೋಗಿ ಹುಳುಗಳಿಗೆ ಸೊಪ್ಪು ಹಾಕೋಣ ಎಂದು ಎದ್ದೆ. ಅಷ್ಟರಲ್ಲಿ ಗುಮಾಸ್ತ ಜನನಪತ್ರ ಓದಿದ. ಮಿತ್ಸುವೊ ಇಶಿಗಾಮಿ, ಜನನ ಡಿಸೆಂಬರ್ 1923!

ನೆನಪಾಯಿತೇ ರೀ? ಎರಡು ತಿಂಗಳ ಮಗುವನ್ನು ನನ್ನ ಮಡಿಲಲ್ಲಿ ಬಿಟ್ಟು, ಇಡೀ ದಿನ ನಡೆದು ಅವನ ಹೆಸರು ಬರೆಸಲು ಹೋಗಿದ್ದಿರಿ. ಮಗುವಿಗೆಷ್ಟು ವಯಸ್ಸು ಎಂದು ಗುಮಾಸ್ತ ಕೇಳಿದರೆ ನಮ್ಮೂರ ಲೆಕ್ಕದಲ್ಲಿ ಎರಡು ಬೆರಳು ತೋರಿಸಿದಿರಿ. ಹುಟ್ಟಿದ ಕೂಡಲೇ ಒಂದು, ಹೊಸ ವರ್ಷ ಬಂದಾಗ ಎರಡು! ಅವನು ಎರಡು ವರ್ಷವೆಂದೇ ಬರೆದುಕೊಂಡ. ಅದರಿಂದ ಶಾಲೆಯಲ್ಲಿ ಮಗು ಬೆಳೆದಿಲ್ಲವೆಂದು ಬೈಸಿಕೊಂಡೆ, ಸೈನ್ಯಕ್ಕೆ ಎರಡು ವರ್ಷ ಮುಂಚೆ ಕಳಿಸಿ ಕಣ್ಣೀರು ಹಾಕಿದೆ. ಮೂವತ್ತು ವರ್ಷ ನಿಮ್ಮನ್ನು ಹಂಗಿಸಿದ್ದೇನೆ. ಇವತ್ತು ಅಷ್ಟನ್ನೂ ವಾಪಸ್ಸು ತೆಗೆದುಕೊಂಡಿದ್ದೇನೆ.

ಆದರೆ ನಿಮ್ಮ ಮಗ ಸುಮ್ಮನಿರುತ್ತಾನೆಯೇ? ಎದ್ದು ನಿಂತು, "ಸ್ವಾಮಿ, ಅದು ತಪ್ಪು. ನಾನು ಅವರಿಗಿಂತ ಚಿಕ್ಕವನು" ಎಂದುಬಿಟ್ಟ. ನಾನು ಅವನ ಕೋಟು ಹಿಡಿದು ಎಳೆದೆ. ನಾಚಿಕೆಯಾಗುತ್ತದೆ ಹೇಳಲು, ಆದರೂ ಎಳೆದೆ. ನ್ಯಾಯಾಧೀಶರು ಕನ್ನಡಕ ತೆಗೆದಿಟ್ಟು, "ಬಂದೂಕು ಹೊರೋಕೆ ಇದೇ ಕಾಗದ ನಂಬಿ ಕರ್ಕೊಂಡ್ವಿ. ಈಗ ಕುರ್ಚಿ ಕೊಡೋವಾಗ ನಂಬಲ್ಲ ಅಂದ್ರೆ ಸರ್ಕಾರಕ್ಕೆ ಮರ್ಯಾದೆ ಇರುತ್ತಾ? ಕೂತ್ಕೊಳ್ಳಪ್ಪ" ಅಂದರು. ತಕರಾರು ಇದೆಯೇ ಎಂದು ಜೆನಾರೊನನ್ನು ಕೇಳಿದರು. ಆ ದಪ್ಪ ಮನುಷ್ಯ ಹೊಟ್ಟೆ ಹಿಡಿದು ನಗುತ್ತಿದ್ದ. "ನಮ್ಮತ್ತೇನೇ ನನಗೆ ವೋಟು ಹಾಕಿಲ್ಲ ಸ್ವಾಮಿ, ಈ ಪುಣ್ಯಾತ್ಮ ಹಾಕಿದಾನೆ. ಇವನ ಮೇಲೆ ಏನಂತ ತಕರಾರು ಮಾಡ್ಲಿ!" ಎಂದು ಬಂದು ಮಿತ್ಸುವೊನನ್ನು ಎತ್ತಿಯೇಬಿಟ್ಟ. ಹೊರಗೆ ಬರುವಾಗ ಬಾಗಿಲಲ್ಲಿದ್ದ ಪೊಲೀಸು ಅಧಿಕಾರಿ ನನ್ನನ್ನು ಕಂಡು ಟೋಪಿ ತೆಗೆದ. ನಾನು ಅಭ್ಯಾಸದಂತೆ ಬಾಯಿ ಮುಚ್ಚಿಕೊಂಡೆ. ಆಮೇಲೆ ನೆನಪಾಗಿ, ನಮ್ಮ ಭಾಷೆಯಲ್ಲೇ ಗಟ್ಟಿಯಾಗಿ, ನಮಸ್ಕಾರಪ್ಪಾ ಅಂದೆ. ಏನೂ ಆಗಲಿಲ್ಲ. ಅವನೂ ನಕ್ಕ.

ಆ ಒಂದು ಕ್ಷಣಕ್ಕೆ ನೀವು ಪಕ್ಕದಲ್ಲಿ ಇರಬೇಕಿತ್ತು. ಅಷ್ಟೇ ನನ್ನ ದುಃಖ.

ಭಾವನವರಿಗೆ, ಓರಗಿತ್ತಿಗೆ ನನ್ನ ನಮಸ್ಕಾರ ತಿಳಿಸಿ. ಅತ್ತೆಮಾವಂದಿರ ಸಮಾಧಿಗೆ ನನ್ನ ಪರವಾಗಿಯೂ ನೀರೆರೆದು, ಮೊಮ್ಮಗ ಗೆದ್ದ ಸುದ್ದಿ ಹೇಳಿ.

ನಿಮ್ಮ,
ಸುಮಿನೊ

ಮರೆತ ಮಾತು: ಯಾಯೆಕೊ ಬಸುರಿ, ಫೆಬ್ರವರಿಗೆ ದಿನ ತುಂಬುತ್ತದೆ. ನೀವು ಹೋಗುವಾಗ ನಮಗೂ ಗೊತ್ತಿರಲಿಲ್ಲ. ಡಿಸೆಂಬರಿನ ಹಡಗು ಹತ್ತಿದರೆ ಹೆರಿಗೆಗೆ ಮುಂಚೆ ಬಂದು ಸೇರುತ್ತೀರಿ. ಮಗುವಿನ ಹೆಸರು ಬರೆಸಲು ನಮ್ಮಪ್ಪನೇ ಹೋಗಬೇಕು, ಅವರು ಬರುವವರೆಗೂ ಬರೆಸುವುದಿಲ್ಲ ಎಂದು ಮಿತ್ಸುವೊ ಹಟ ಹಿಡಿದಿದ್ದಾನೆ. ಸರ್ಕಾರದ ಕಟ್ಟಡ ಎಂದು ಹೆದರಬೇಡಿ, ನಾನೂ ಜೊತೆಗೆ ಬರುತ್ತೇನೆ. ಈ ಸಲ ಬೆರಳು ಮಾತ್ರ ತೋರಿಸಬೇಡಿ. ಮಗುವನ್ನೇ ಎತ್ತಿಕೊಂಡು ಹೋಗೋಣ, ಅವರೇ ನೋಡಿ ಬರೆದುಕೊಳ್ಳಲಿ.