ಸತೀಶನ ಟ್ರಂಕು ಬಂದ ಮನೆ

ಹೈದರಾಬಾದ್
ಸೋಮವಾರ, 24 ಸೆಪ್ಟೆಂಬರ್ 2007

ಮಗಳು ವನಜಾಳಿಗೆ ನಿನ್ನ ಮಾವ ಗುರುಸಿದ್ದಪ್ಪನ ಆಶೀರ್ವಾದಗಳು.

ನಿನ್ನ ಬಿ.ಪಿ. ಈಗ ಹೇಗಿದೆ? ಬೀದರಿನ ಶಾಲೆಯಲ್ಲಿ ನಿನಗೆ ಮೇಲಿನ ಮಹಡಿಯ ತರಗತಿ ಕೊಟ್ಟಿದ್ದಾರೆ ಎಂದಿದ್ದೆ. ಹೆಡ್‌ಮಾಸ್ತರರಿಗೆ ಹೇಳಿ ಕೆಳಗೆ ಹಾಕಿಸಿಕೊ. ಮಾತ್ರೆ ತಪ್ಪಿಸಬೇಡ. ನಿನ್ನ ಅತ್ತೆಗೆ ಮೊಣಕಾಲು ನೋವು ಇದ್ದದ್ದೇ. ಆದರೂ ನಿನ್ನೆ ಸುಲ್ತಾನ್ ಬಜಾರಿಗೆ ಹೋಗಿ, ಆಫೀಸಿಗೆ ಬೇಕಾಗುತ್ತದೆಂದು ಮಾನಸಾಳಿಗೆ ಎರಡು ಚೂಡಿದಾರ ತಂದಳು. ನಿನ್ನ ಮಗಳು ಅಕ್ಟೋಬರ್ ಒಂದಕ್ಕೆ ಸಾಫ್ಟ್‌ವೇರ್ ಕಂಪನಿ ಸೇರಬೇಕು. ಲಿಂಗಂಪಲ್ಲಿಯವರೆಗೆ ಲೋಕಲ್ ರೈಲು, ಅಲ್ಲಿಂದ ಕಂಪನಿಯ ಬಸ್ಸು. ಓಣಿಯವರೆಲ್ಲ ಮಿಠಾಯಿ ಕೇಳುತ್ತಿದ್ದಾರೆ. ನನಗೆ ಮಾತ್ರ ಎಂಟು ದಿನದಿಂದ ಅನ್ನ ಸೇರುತ್ತಿಲ್ಲ.

ಬರುವ ತಿಂಗಳಿಗೆ ನಮ್ಮ ಸತೀಶ ಹೋಗಿ ಇಪ್ಪತ್ತು ವರ್ಷ. ಆಗ ಅವನಿಗೆ ಇಪ್ಪತ್ನಾಲ್ಕು, ನಿನಗೆ ಇಪ್ಪತ್ತೊಂದು. ಮಾನಸಾ ಇನ್ನೂ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಸೇನೆಗೆ ಸೇರುವ ಮುಂಚೆ ಅವನು ನಮ್ಮ ಕಾರ್ಖಾನೆಯ ಗೇಟಿಗೇ ಬಂದು, "ಅಪ್ಪಾ, ನೀ ಹೂಂ ಅಂದ್ರ ಹೋಗ್ತೀನಿ, ಇಲ್ಲಾಂದ್ರ ಇಲ್ಲ" ಎಂದಿದ್ದ. ಶಿಫ್ಟಿಗೆ ತಡವಾಗುತ್ತದೆಂಬ ಅವಸರದಲ್ಲಿ ನಾನು, "ಹೋಗಪ್ಪ, ಛಲೋ ಆಗ್ತದ" ಎಂದೆ. ನಾನು ಯೋಚಿಸಿದ್ದು ಅಷ್ಟೇ. ಶ್ರೀಲಂಕಾಕ್ಕೆ ಹೋದ ಮೇಲೆ, ಇದು ಶಾಂತಿ ಕಾಯುವ ಕೆಲಸ, ಅಂಜಬೇಡಿರಿ ಎಂದು ಬರೆದ. ಜಾಫ್ನಾದ ಯಾವುದೋ ಬಾಳೆತೋಟದ ಬಳಿ ಗುಂಡು ತಗುಲಿತು ಎಂದಷ್ಟೇ ನಮಗೆ ತಿಳಿದದ್ದು. ದೇಹ ಬರಲಿಲ್ಲ, ಟ್ರಂಕು ಬಂತು. ಅದರಲ್ಲಿ ನಿನಗೆಂದು ಕೊಂಡಿದ್ದ ಮೂರು ಸಾಬೂನು, ಅವನೇ ಬಳಸಿ ಅರ್ಧ ಸವೆಸಿದ್ದ ಇನ್ನೊಂದು. ಆ ಅರ್ಧವನ್ನು ನೀನು ಮೂಸಿ ನೋಡಿ, ಕೊಡ ಎತ್ತಿಕೊಂಡು ನಳಕ್ಕೆ ನೀರಿಗೆ ಹೋದೆ. ಅಳಲಿಲ್ಲ. ಮಗ ಹೋದ ದುಃಖಕ್ಕಿಂತ ಅವತ್ತು ನನಗೆ ನಿನ್ನದೇ ಭಯ ಹೆಚ್ಚಾಗಿತ್ತು.

ಮೊನ್ನೆ ಮಾನಸಾ ಅವನ ಪತ್ರಗಳನ್ನು ಮುಂದೆ ಹರಡಿಕೊಂಡು, "ಮುತ್ಯಾ, ಅಪ್ಪಗ ಅಲ್ಲಿ ಅಂಜಿಕಿ ಬಂದಿತ್ತಾ?" ಎಂದು ಕೇಳಿದಳು. "ಬಂದಿರಬೇಕವ್ವ, ಮನುಷ್ಯಾ ಅಲ್ಲೇನು" ಎಂದೆ. ಪತ್ರಗಳನ್ನು ಮಡಿಚಿಡುತ್ತ, "ಹಂಗಾದ್ರ ಸರಿ" ಎಂದಳು. ಆ ಮಾತಿನ ಅರ್ಥ ನನಗೆ ಆಗಲೇ ತಿಳಿಯಿತು, ತಿಳಿಯದವನಂತೆ ಕೂತೆ.

ಹಟ ಮಾಡಿ ಉಪವಾಸ ಇರಬೇಡ. ಬಸವಣ್ಣ ನಿನ್ನನ್ನು ಗಟ್ಟಿಯಾಗಿ ಇಟ್ಟಿರಲಿ.

ನಿನ್ನ ಮಾವ,
ಗುರುಸಿದ್ದಪ್ಪ

ತಾ.ಕ.: ವನಜಾ, ಇದನ್ನು ಬರೆಯಲಾರದೆ ಮೇಲಿನದೆಲ್ಲ ಬರೆದೆ. ಮಾನಸಾ ನಿನಗೆ ತಿಳಿಸದೆ ಸೇನಾಧಿಕಾರಿ ಹುದ್ದೆಗೆ ಸಂದರ್ಶನ ಕೊಟ್ಟು ಬಂದಿದ್ದಳು. ನನಗೆ ಗೊತ್ತಿತ್ತು. ಕಳೆದ ವಾರ ಕರೆಪತ್ರ ಬಂತು, ನಾನು ಬಚ್ಚಿಟ್ಟೆ. ಆಯ್ಕೆಯಾಗಲಿಲ್ಲವೆಂದುಕೊಂಡು ಅವಳು ಕಂಪನಿಗೆ ಒಪ್ಪಿದ್ದಳು. ಚೆನ್ನೈನಲ್ಲಿ ತರಬೇತಿಗೆ ಹಾಜರಾಗಬೇಕಾದ ಈ ಶನಿವಾರ ಕಳೆದುಹೋದರೆ ಸಾಕು ಎಂದಿದ್ದೆ. ಈಗ ಈ ಕಾಗದಕ್ಕೆ ಸಹಿ ಹಾಕಿದ ಮೇಲೆ ತಡೆಯಲಾರದೆ ಅದನ್ನು ಅವಳ ಕೈಗೆ ಕೊಟ್ಟುಬಿಟ್ಟೆ. ಸಿಟ್ಟಾಗಲಿಲ್ಲ. ಎರಡು ಸಲ ಓದಿ, "ಅವ್ವಗ ನೀ ಹೇಳ್ತಿಯೋ, ನಾ ಹೇಳ್ಲ್ಯೋ?" ಎಂದಳು. ನಾನೇ ಹೇಳುತ್ತೇನೆ ಎಂದೆ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ಮತ್ತೆ ಸುಳ್ಳು ಹೇಳಿಬಿಡುತ್ತೇನೆ, ಅದಕ್ಕೇ ಈ ಕಾಗದ. ಪಕ್ಕದ ಮನೆಯ ಮಾಣಿಕಪ್ಪ ಬೀದರಿನ ಬಸ್ಸಿಗೆ ಹೊರಟು ಬಾಗಿಲಲ್ಲಿ ನಿಂತಿದ್ದಾನೆ. ಗುರುವಾರ ಸಂಜೆ ಸಿಕಂದರಾಬಾದಿನಿಂದ ಅವಳು ಹಿಡಿಯಬೇಕಾದ ಚೆನ್ನೈ ರೈಲು. ಅಷ್ಟರೊಳಗೆ ಬಾ. ಬೇಡ ಅನ್ನುವುದಾದರೂ, ಹೋಗು ಅನ್ನುವುದಾದರೂ, ಅವಳ ಮುಖ ನೋಡಿ ಹೇಳು.