ಪೂಜೆಗಿಟ್ಟ ಸ್ಕ್ರೂಡ್ರೈವರ್

1-10-1987, ಗುರುವಾರ. ಆಯುಧ ಪೂಜೆ.

ಭಯವಾಗುತ್ತಿದೆ. ತುಡಿಯಲೂರಿನ ವರ್ಕ್‌ಶಾಪಿನಲ್ಲಿ ನಾವು ಜೋಡಿಸಿದ ವಿಡಿಯೋ ಗೇಮ್ ಪೆಟ್ಟಿಗೆ ಸಂಜೆಯೇ ಉಕ್ಕಡಂನ ಹೊಸ ಆಟದಂಗಡಿಗೆ ಹೋಯಿತು. ಆಟ ಮೂರನೇ ಸುತ್ತಿಗೆ ಬಂದರೆ ಚಿತ್ರ ಹಾಗೇ ನಿಂತುಬಿಡುತ್ತದೆ. ನಿಂತರೆ ಆಡುವವರು ತಗಡಿನ ಪೆಟ್ಟಿಗೆಯನ್ನೇ ಗುದ್ದುತ್ತಾರೆ. ಅದಕ್ಕೆ ಶಾಕ್ ತಡೆಯುವ ಅರ್ಥಿಂಗ್ ತಂತಿಯೂ ಕೊಟ್ಟಿಲ್ಲ. ಇವತ್ತು ನನಗೇ ಶಾಕ್ ಹೊಡೆಯಿತು.

ಪೆಟ್ಟಿಗೆ ಹೊರಡುವ ಮೊದಲೇ ಆ ತಂತಿ ಬಿಗಿಯಲು ಸ್ಕ್ರೂಡ್ರೈವರ್ ಕೇಳಿದೆ. ವರ್ಕ್‌ಶಾಪಿನ ಯಜಮಾನ, ಮುದಲಾಳಿ ಮಯಿಲ್‌ಸಾಮಿ ನಕ್ಕ. "ಪೂಜೆಗಿಟ್ಟದ್ದು ಇವತ್ತು ಮುಟ್ಟಬಾರ್ದು ಅಕ್ಕಾ. ಸಂಗದೋರಿಗೆ ಸಾಮಿ ಇಲ್ಲ, ನಂಗುಂಟು. ನಾಳೆ ವಿಜಯದಶಮಿಗೆ ಅಂಗಡಿ ತೆರೀಲಿ, ಮಿಕ್ಕದ್ದು ಆಮೇಲೆ ಮಾಡಿದ್ರಾತು."

ಕಾರ್ಮಿಕ ಸಂಘದ ಮುಷ್ಕರದಲ್ಲಿ ಗಿರಣಿ ಗೇಟಿನಲ್ಲಿ ಪೊಲೀಸರೆದುರು ಕೂಗಿದವಳು ನಾನು. ಕರ್ಪೂರದ ತಟ್ಟೆಯೆದುರು ಬಾಯಿ ಮುಚ್ಚಿಕೊಂಡೆ. ಥೂ.

ನಾಳೆ ಆ ಅಂಗಡಿ ಬಾಗಿಲಿಗೆ ಅಡ್ಡ ನಿಲ್ಲುತ್ತೇನೆ, ತಳ್ಳಿದರೂ ಸರಿ. ಆದರೆ ಅಂಗಡಿ ತೆರೆಯುವ ಮುಹೂರ್ತ ಬೆಳಿಗ್ಗೆ ಆರಕ್ಕೆ. ಮೊದಲ ಬಸ್ಸು ತಡವಾಗಿ, ಅಷ್ಟರಲ್ಲಿ ಯಾರಾದರೂ ಒದ್ದೆ ಕೈಯಲ್ಲಿ ಆ ತಗಡು ಗುದ್ದಿಬಿಟ್ಟರೆ...