ಕರೆದರೆ ತಿರುಗುವ ಮಗಳು

ಶಹಾಬಾದ
೨-೧೨-೧೯೭೪

ಪ್ರೀತಿಯ ಸುಂದರಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ದೀಪಾವಳಿಗೆ ಬರೆದ ನಿನ್ನ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈಯಬೇಡ. ಚಿಂಚೋಳಿಯಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಕ್ಷೇಮವಿಲ್ಲ.

ನಮ್ಮ ಭಾಗಿಗೆ ಕಿವಿ ಕೇಳಿಸುವುದಿಲ್ಲ ಅಕ್ಕಾ. ನಾಲ್ಕು ತುಂಬುವವರೆಗೂ ಹೆತ್ತವಳು ಏನು ಮಾಡುತ್ತಿದ್ದಳು ಎಂದು ಕೇಳುತ್ತೀ. ಈ ಕಲ್ಲುಗಣಿಯ ಪಕ್ಕ ಬಾಳುವೆ ಮಾಡಿ ನೋಡು, ಗೊತ್ತಾಗುತ್ತದೆ. ಸದ್ದಿನಲ್ಲಿ ಯಾರೂ ಬಾಯಿಂದ ಮಾತಾಡುವುದೇ ಇಲ್ಲ. ನೀರಿಗೂ ರೊಟ್ಟಿಗೂ ಕೈಸನ್ನೆ. ಮದ್ದು ಹಾರಿಸುವ ಮೊದಲು ಕೆಂಪು ಬಾವುಟ ಏರಿಸುತ್ತಿದ್ದರು, ಎಲ್ಲರಿಗಿಂತ ಮುಂಚೆ ಓಡುತ್ತಿದ್ದವಳು ಇವಳೇ. ಎಷ್ಟು ಚುರುಕು ಎಂದು ಹಿಗ್ಗುತ್ತಿದ್ದೆ. ಮಾತು ಬಂದಿಲ್ಲವೆಂದರೆ ಅತ್ತೆ, "ಅವರಪ್ಪನೂ ತಡಾ ಮಾಡೇ ಬಾಯಿ ತೆರ್ದಾನ, ಸುಮ್ಕಿರು," ಅಂದರು. ಸುಮ್ಮನಿದ್ದೆ.

ಹೋದ ವಾರ ಬಾವುಟ ತೆಗೆದು ಭೋಂಗಾ ಇಟ್ಟರು. ಅದು ಕೂಗಿದ್ದೇ ತಡ, ಎಲ್ಲರೂ ಓಡಿದೆವು. ತಿರುಗಿ ನೋಡಿದರೆ ಅವಳು ಬಂಡೆಯ ಮಗ್ಗುಲಲ್ಲಿ ಆಡುತ್ತ ಕೂತಿದ್ದಾಳೆ! ಕಲ್ಲು ಒಡೆಯುವ ಚಾಂದ್ ಹೋಗಿ ಎತ್ತಿಕೊಂಡು ಬಂದ. "ವೈನಿ, ಕೂಸಿಗಿ ಭೋಂಗಾ ಕೇಳ್ಸಿಲ್ರಿ," ಅಂದ.

ಮನೆಗೆ ಬಂದು ಹೇಳಿದರೆ ಇವರು ಒಪ್ಪಲಿಲ್ಲ. "ಆಟದಾಗ ಮೈಮರ್ತಾಳ, ನೋಡು ಬೇಕಾರ," ಎಂದು ಅವಳ ಹಿಂದೆ ನಿಂತು, ಹೆಸರು ಕರೆಯುತ್ತ ಕಾಲು ಅಪ್ಪಳಿಸಿದರು. ಭಾಗಿ ತಿರುಗಿ ನಕ್ಕಳು. ಇವರ ಪಾಲಿಗೆ ಅಲ್ಲಿಗೆ ಮುಗಿಯಿತು.

ನನಗೆ ಮುಗಿಯಲಿಲ್ಲ. ಇವರು ಹೊರಗೆ ಹೋದಾಗ ಅವಳನ್ನು ಕೌದಿಗಳ ಒಟ್ಟಿಲ ಮೇಲೆ ಕೂರಿಸಿ ಹಿಂದಿನಿಂದ ತಟ್ಟೆ ಬಡಿದೆ. ತಿರುಗಲಿಲ್ಲ. ನೆಲಕ್ಕಿಳಿಸಿ, ಕರೆಯದೆ ಬರೀ ಕಾಲು ಅಪ್ಪಳಿಸಿದೆ. ತಿರುಗಿದಳು. ನಮ್ಮ ಮನೆಯ ಸಡಿಲು ಹಾಸುಗಲ್ಲು ಅದುರಿದ್ದಕ್ಕೆ ಅವಳು ತಿರುಗುತ್ತಿದ್ದಳು, ನಾವು ಕರೆದಿದ್ದಕ್ಕೆ ಅಂದುಕೊಂಡಿದ್ದೆವು.

ಇವರಿಗೂ ಮಾಡಿ ತೋರಿಸಿದೆ. "ಮೊಂಡತನ ಮಾಡಾಕತ್ತಾಳ. ನನ್ನ ಮಗಳಿಗಿ ಕಿವುಡಿ ಅಂದ್ರ ನಿನ್ನ ಮಾರಿ ನೋಡಂಗಿಲ್ಲ," ಎಂದರು. ಗುಲಬರ್ಗಾದ ಡಾಕ್ಟರ ಹೆಸರೆತ್ತಿದರೆ ಎದ್ದು ಹೋಗುತ್ತಾರೆ. ನಾನು ಕೂಲಿ ಬಿಟ್ಟು ಅವಳನ್ನು ಮನೆಯಲ್ಲೇ ಇಟ್ಟುಕೊಂಡಿದ್ದೇನೆ. ಆದರೆ ಎಳ್ಳಮಾಸಿ ಹಬ್ಬ ಮುಗಿದ ಮರುದಿನದಿಂದ ತಾವೇ ಗಣಿಗೆ ಕರೆದೊಯ್ಯುತ್ತಾರಂತೆ. "ಭೋಂಗಾ ಕೇಳಿ ಓಡೂದು ರೂಢಿ ಆಗ್ಲಿ," ಅನ್ನುತ್ತಾರೆ!

ಕಾಲು ಹಿಡಿದೆ, ಜಗಳವಾಡಿದೆ, ಊಟ ಬಿಟ್ಟೆ. ಭಾವನವರ ಮಾತೊಂದನ್ನೇ ಇವರು ತೆಗೆದುಹಾಕುವುದಿಲ್ಲ. ಕಾಗದ ಮುಟ್ಟಿದ ಕೂಡಲೇ ಅವರನ್ನು ಬಸ್ಸು ಹತ್ತಿಸು. ನಾಳೆ ನೋಡೋಣ ಅನ್ನಬೇಡ, ನನ್ನಾಣೆ.

ಭಾವನವರಿಗೆ ನಮಸ್ಕಾರ. ಮಕ್ಕಳನ್ನು ದೇವರು ಚೆನ್ನಾಗಿಟ್ಟಿರಲಿ.

ನಿನ್ನ ತಂಗಿ
ಶಿವಕಾಂತಮ್ಮ

ಮರೆತ ಮಾತು: ಇದನ್ನು ಭಾವನವರಿಗೆ ಓದಿ ಹೇಳಬೇಡ. ಹುಟ್ಟಿದಾಗಿನಿಂದ ಭಾಗಿಯನ್ನು ಹಾಡಿಯೇ ಮಲಗಿಸಿದ್ದೇನೆ. ಅವಳು ನನ್ನ ಗಂಟಲ ಮೇಲೆ ಅಂಗೈ ಇಟ್ಟುಕೊಂಡು ನಿದ್ದೆ ಹೋಗುತ್ತಿದ್ದಳು. ನನ್ನ ದನಿಯೆಂದರೆ ಪ್ರಾಣ ಎಂದು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ್ದೆ. ನಿನ್ನೆ ದುಃಖ ಒತ್ತರಿಸಿ ಹಾಡಲಾಗಲಿಲ್ಲ. ಅವಳು ನನ್ನ ಗಂಟಲು ತಟ್ಟಿದಳು, ಮತ್ತೆ ತಟ್ಟಿದಳು, ಆಮೇಲೆ ಅಳತೊಡಗಿದಳು.